ಲ್ಯಾಂಬಿಯ ಶಂಖ

ನಾನು ಒಂದು ಶಂಖ. ದೇವರ ಕೋಣೆಯ ಪೀಠದ ಮೇಲೆ ಅಂಗೈಯಷ್ಟಕ್ಕೆ ಕೂತಿರುತ್ತದಲ್ಲ, ಆ ಬಿಳಿ ಶಂಖವನ್ನು ನೆನೆದುಕೊಂಡು ನನ್ನ ಮಾತು ಕೇಳಬೇಡಿ. ನನ್ನನ್ನು ಎತ್ತಲು ಎರಡು ಕೈ ಬೇಕು. ಹೊರಮೈ ಮಾಸಲು ಕಂದು, ತಲೆಯ ಸುತ್ತ ಮೊಂಡು ಮುಳ್ಳುಗಳ ಸಾಲು. ಬಾಯಿ ಮಾತ್ರ ಗುಲಾಬಿ. ಬೆಕ್ಕು ಆಕಳಿಸಿದಾಗ ಕಾಣುವ ಗುಲಾಬಿ. ಮಡಿ ಮೈಲಿಗೆ ನನಗೆ ಗೊತ್ತಿಲ್ಲ. ನನ್ನೊಳಗೆ ಸಮುದ್ರದ ನೀರಿತ್ತು, ಮೀನಿನ ರಕ್ತವಿತ್ತು, ಒಂದು ಹಬ್ಬದಲ್ಲಿ ಯಾರೋ ತುದಿಗೆ ಹೆಬ್ಬೆರಳೊತ್ತಿ ನನ್ನೊಳಗೆ ರಮ್ ಸುರಿದುಕೊಂಡು ಕುಡಿದದ್ದೂ ಉಂಟು.

ಕೆರಿಬಿಯನ್ ಸಮುದ್ರದಲ್ಲಿ ಗ್ರೆನಡಾ ಎಂಬ ದೇಶವಿದೆ. ಅದಕ್ಕೆ ಸೇರಿದ ಪುಟ್ಟ ದ್ವೀಪ ಕ್ಯಾರಿಯಾಕೂ. ಅದರ ದಂಡೆಯಾಚೆ, ಬಿಸಿಲು ತಳಕ್ಕೆ ಮುಟ್ಟುವ ನೀರಿನಲ್ಲಿ, ಹುಲ್ಲು ಬೆಳೆದ ಮರಳಿನ ಮೇಲೆ ನಾನು ಹುಟ್ಟಿದೆ. ಹುಟ್ಟಿದೆ ಎನ್ನುವುದೂ ಪೂರ್ತಿ ಸರಿಯಲ್ಲ. ಹುಟ್ಟಿದ್ದು ಒಂದು ಮೆತ್ತನೆಯ ಜೀವ. ಅದು ತನ್ನ ಮೈಯಿಂದ ಸುಣ್ಣ ಒಸರಿ ಒಸರಿ ತನಗೊಂದು ಮನೆ ಕಟ್ಟಿಕೊಂಡಿತು. ಆ ಮನೆ ನಾನು. ಅದು ಹುಲ್ಲು ತಿನ್ನುತ್ತಿತ್ತು, ಕಡ್ಡಿಯಂಥ ಎರಡು ಕಣ್ಣು ಹೊರಗೆ ಚಾಚಿ ಲೋಕ ನೋಡುತ್ತಿತ್ತು, ನೆರಳು ಸುಳಿದರೆ ಒಳಗೆ ಸರಿಯುತ್ತಿತ್ತು. ನಮ್ಮ ನಡುವೆ ಮಾತುಕತೆ ಇರಲಿಲ್ಲ. ಗೋಡೆಗೂ ಮನೆಯವನಿಗೂ ಏನು ಮಾತು?

ಒಂದು ದಿನ ಸುಳಿದ ನೆರಳು ಕತ್ಬರ್ಟನದು. ಅವನು ಮೀನುಗಾರ, ಉಸಿರು ಕಟ್ಟಿ ಮುಳುಗಿ ನಮ್ಮಂಥವರನ್ನು ಹೆಕ್ಕುವುದರಲ್ಲಿ ಪಳಗಿದವನು. ಒಳಗಿನ ಜೀವಕ್ಕೆ ಅಲ್ಲಿಯವರು ಲ್ಯಾಂಬಿ ಎನ್ನುತ್ತಾರೆ. ಲ್ಯಾಂಬಿ ಸಾರು ಎಂದರೆ ಇಡೀ ದ್ವೀಪ ಬಾಯಿ ಚಪ್ಪರಿಸುತ್ತದೆ. ಅದನ್ನು ತೆಗೆಯುವ ಬಗೆ ಹೀಗೆ: ಸುರುಳಿಯ ಪಕ್ಕೆಗೆ ಸುತ್ತಿಗೆಯ ಚೂಪು ತುದಿಯಿಂದ ಒಂದು ಸೀಳು ಹೊಡೆದು, ಚಾಕು ತೂರಿಸಿ, ಜೀವ ಕಚ್ಚಿಕೊಂಡಿರುವ ನರ ಕೊಯ್ದರೆ ಲ್ಯಾಂಬಿ ಜಾರಿ ಹೊರಗೆ ಬರುತ್ತದೆ. ಸೀಳು ಬಿದ್ದ ಚಿಪ್ಪನ್ನು ದಂಡೆಯ ರಾಶಿಗೆ ಎಸೆಯುತ್ತಾರೆ. ಊದುವುದಕ್ಕೆ ಬೇಕಾದ ಶಂಖವೇ ಬೇರೆ. ಅದಕ್ಕೆ ಸೀಳು ಹೊಡೆಯುವಂತಿಲ್ಲ. ಹಾಗೇ ಕುದಿಸಿ ಒಳಗಿನದನ್ನು ಎಳೆದು, ತುದಿಯನ್ನಷ್ಟೇ ಗರಗಸದಿಂದ ಕೊಯ್ಯಬೇಕು.

ನನಗೆ ಕತ್ಬರ್ಟ್ ಆಗಲೇ ಸೀಳು ಹೊಡೆದಿದ್ದ. ಎಸೆಯಬೇಕು ಎನ್ನುವಾಗ ದೋಣಿ ಹೊಯ್ದಾಡಿ, ಅವನ ಹಳೆಯ ಊದುವ ಶಂಖ ಕಬ್ಬಿಣದ ಲಂಗರಿನ ಮೇಲೆ ಬಿದ್ದು ಎರಡು ಹೋಳಾಯಿತು. ಮುಂದೆ ಇನ್ನೊಂದು ದೋಣಿ ದಂಡೆಯ ಕಡೆ ಹೊರಟಿತ್ತು. ಆ ಊರಿನಲ್ಲಿ ಶಂಖದ ದನಿ ಕೇಳಿದ ಮೇಲೇ ಹೆಂಗಸರು ಮೀನಿಗೆ ಬುಟ್ಟಿ ಎತ್ತಿಕೊಂಡು ಬರುವುದು. ಯಾರ ಶಂಖ ಮೊದಲು ಕೂಗಿತೋ ಅವರ ಮೀನು ಮೊದಲು. ಕತ್ಬರ್ಟ್ ಹಿಂದುಮುಂದು ನೋಡಲಿಲ್ಲ. ನನ್ನ ತುದಿ ಕೊಯ್ದ. ಪಕ್ಕೆಯ ಸೀಳಿಗೆ, ದೋಣಿಯ ಬಿರುಕು ಮುಚ್ಚುವ ಹತ್ತಿ ತುರುಕಿ ಮೇಲೆ ಡಾಂಬರು ಮೆತ್ತಿದ. ತುಟಿಗಿಟ್ಟು ಊದಿದ.

ನನ್ನ ಮೊದಲ ಕೂಗು ಅದು. ಡಾಂಬರಿನ ಸಂದಿನಿಂದ ಗಾಳಿ ಸೋರುತ್ತಿತ್ತು. ಹೊರಟ ದನಿ, ಹಾರ್ಮೋನಿಯಂ ಬಲ್ಲವರ ಮಾತಿನಲ್ಲಿ ಹೇಳುವುದಾದರೆ, ಕರಿ ಎರಡೂ ಅಲ್ಲ, ಬಿಳಿ ಮೂರೂ ಅಲ್ಲ. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಕೂತಿತ್ತು.

"ಕತ್ಬರ್ಟ್, ಅದ್ ಶಂಖಾನೋ, ಹೊಟ್ಟೆನೋವು ಬಂದಿರೋ ಹಸೂನೋ?" ಎಂದು ಪಕ್ಕದ ದೋಣಿಯವನು ಕೂಗಿದ.

"ಹಸೂನೇ ಅನ್ಕೋ. ಹಾಲು ಕರೆಯೋನು ನಾನು," ಎಂದ ಕತ್ಬರ್ಟ್.

ಬೇರೆ ಒಳ್ಳೆಯ ಶಂಖ ಸಿಕ್ಕಿದ ಕೂಡಲೇ ನನ್ನನ್ನು ಎಸೆಯುವ ಯೋಚನೆ ಅವನಿಗಿತ್ತು. ಆದರೆ ಹೆಂಗಸರು ನನ್ನನ್ನು ಗುರುತು ಹಿಡಿದುಬಿಟ್ಟರು. ಉಳಿದ ಶಂಖಗಳೆಲ್ಲ ಒಂದರಂತೆ ಒಂದು ಕೂಗುತ್ತಿದ್ದವು. ನನ್ನದು ಕೇಳಿದರೆ ಒಲೆಯ ಮುಂದೆ ಕೂತವಳೂ "ಕತ್ಬರ್ಟ್ ಬಂದ" ಎಂದು ಏಳುತ್ತಿದ್ದಳು. ಹೀಗೆ ಅವಸರದ ಕೆಲಸವೊಂದು ಅವನ ಗುರುತಾಯಿತು, ನಾನು ಉಳಿದೆ.

ಕತ್ಬರ್ಟನಿಗೆ ಒಬ್ಬಳೇ ಮಗಳು, ಎರ್ನೆಸ್ಟೀನ್. ತಾಯಿ ದೂರದ ದ್ವೀಪವೊಂದರಲ್ಲಿ ಮನೆಗೆಲಸಕ್ಕಿದ್ದಳು. ಮಗಳು ಅಪ್ಪನ ಜೊತೆ ದಂಡೆಯಲ್ಲೇ ಬೆಳೆದಳು. ಅಪ್ಪ ಊದಿ ನಿಲ್ಲಿಸಿದ ಜಾಗದಿಂದ ಅವಳು ಹಾಡು ಎತ್ತಿಕೊಳ್ಳುತ್ತಿದ್ದಳು. "ಬಾಣಲೆ ಇಡಿ, ಬಾಣಲೆ ಇಡಿ, ಮೀನು ಇನ್ನೂ ಕಣ್ ಬಿಟ್ಟಿದೆ." ನನ್ನ ದನಿಗೇ ಅಂಟಿಕೊಂಡು, ನನ್ನ ಗೋಡೆಯ ಮೇಲೇ ಕಾಲು ಇಳಿಬಿಟ್ಟು ಹಾಡುತ್ತಿದ್ದಳು. ಬೇರೆ ಶ್ರುತಿ ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಚರ್ಚಿನಲ್ಲಿ. ನಾನು ಅಲ್ಲಿರಲಿಲ್ಲ, ಅವಳು ಅಪ್ಪನಿಗೆ ಹೇಳುವಾಗ ಕೇಳಿಸಿಕೊಂಡೆ. ಹಾಡಿನ ಟೀಚರು ಮಿಸ್ ಫಿಲೊಮೀನಾ ಕಾಲಿನಲ್ಲಿ ತಿದಿಯೊತ್ತುವ ಹಾರ್ಮೋನಿಯಂ ನಿಲ್ಲಿಸಿ, "ಎರ್ನೆಸ್ಟೀನ್, ನೀನು ಶ್ರುತಿ ಕೆಳಗೆ ಹಾಡ್ತಿದ್ದೀಯಾ," ಎಂದರಂತೆ.

"ಇಲ್ಲ ಮಿಸ್. ನಿಮ್ ಪೆಟ್ಟಿಗೆ ಮೇಲಿದೆ," ಎಂದಳಂತೆ ಇವಳು.

ಅವಳನ್ನು ಕೊನೆಯ ಸಾಲಿಗೆ ಕಳಿಸಿದರು. ದನಿ ಬೇಡ, ತುಟಿ ಆಡಿಸಿದರೆ ಸಾಕು ಎಂದರು. ಶಾಲೆಯ ಮಕ್ಕಳು ಅವಳ ಮೈಯ ಮೀನುವಾಸನೆಗೆ ಆಗಲೇ ಒಂದು ಹೆಸರಿಟ್ಟಿದ್ದರು: ಲ್ಯಾಂಬಿ. ಸೀಳು ಹೊಡೆದು ಎಳೆದರೂ ಮಿಸುಕುವ ಆ ಮೆತ್ತನೆಯ ಮಾಂಸದ ಹೆಸರು. ಅವಳು ಅಂದು ಅಪ್ಪನ ಮುಂದೆ ಅತ್ತಳು. ಕತ್ಬರ್ಟ್ ಬಲೆ ಹೆಣೆಯುತ್ತ, "ಲ್ಯಾಂಬಿ ರುಚಿಯಾಗಿರುತ್ತಲ್ಲ ಮಗಳೇ," ಎಂದಷ್ಟೇ ಹೇಳಿದ. ಸಮಾಧಾನ ಹೇಳುವುದು ಅವನಿಗೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ನನ್ನ ಬದುಕಿಗೆ ಎರಡನೆಯ ತುಟಿ ಬಂದದ್ದು ಫಿಟ್ಜ್‌ರಾಯ್‌ನದು. ಅವನು ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದ. ಅಗಲ ಎದೆ, ಹಾರೆಯಂಥ ಕೈ, ಸದಾ ಗ್ರೀಸಿನ ವಾಸನೆ. ಕಾರ್ನಿವಲ್ ಎಂಬ ಬೀದಿಹಬ್ಬದ ಬೆಳಗ್ಗೆ ಅಲ್ಲಿಯ ಗಂಡಸರು ಹೆಂಗಸರು ಮೈಗೆ ಹಳೆಯ ಇಂಜಿನ್ ಆಯಿಲ್ ಬಳಿದುಕೊಂಡು, ತಲೆಗೆ ಕೊಂಬು ಕಟ್ಟಿಕೊಂಡು, ಸರಪಳಿ ಎಳೆದುಕೊಂಡು ಬೀದಿಗಿಳಿಯುತ್ತಾರೆ. ಒಂದು ಕಾಲದಲ್ಲಿ ತಮ್ಮ ಹಿರಿಯರನ್ನು ಸರಪಳಿಯಲ್ಲಿ ಕಟ್ಟಿದ್ದವರು ಆ ಹಿರಿಯರನ್ನೇ ದೆವ್ವಗಳೆಂದು ಕರೆದರಲ್ಲ, ಹಾಗಾದರೆ ನೋಡಿಕೊಳ್ಳಿ ದೆವ್ವ ಹೇಗಿರುತ್ತದೆ ಎನ್ನುವ ವೇಷ ಅದು. ಅದಕ್ಕೆ ಡೋಲು ಬೇಕು, ಶಂಖ ಬೇಕು. ಫಿಟ್ಜ್‌ರಾಯ್ ಕತ್ಬರ್ಟನ ಬಳಿ ನನ್ನನ್ನು ಕೇಳಿ ಪಡೆದ. ಊದಿದ. ಡಾಂಬರು ಕಿತ್ತುಬರುವಂತೆ ಊದಿದ. ಎರ್ನೆಸ್ಟೀನ್ ಹಿಂದೆಯೇ ಓಡಿ ಬಂದಳು. ಶಂಖ ಹಾಳಾದೀತು ಎಂದು ಬಂದವಳು, ಹಾಡುತ್ತ ಉಳಿದಳು. ಆಮೇಲೆ ಅವರಿಬ್ಬರೂ ಒಂದೇ ಮನೆಯಲ್ಲಿದ್ದರು. ಮದುವೆಯ ಮಾತು ಆಗಾಗ ಬರುತ್ತಿತ್ತು. ಪ್ರತಿ ಸಲವೂ ಕಾರ್ನಿವಲ್ ಮುಗಿಯಲಿ ಎನ್ನುತ್ತಿದ್ದರು.

ಎರ್ನೆಸ್ಟೀನ್ ಹಾಡುತ್ತಿದ್ದದ್ದು ಸೊಕಾ. ಅದೇನೆಂದು ಇಲ್ಲಿ ಹೇಳಬೇಕು. ಕ್ಯಾಲಿಪ್ಸೋ ಎಂಬ ಹಳೆಯ ಹಾಡುಗಾರಿಕೆಗೆ ಅದು ಮಗಳು. ತಾಯಿ ನಿಧಾನವಾಗಿ ಕಥೆ ಹೇಳುತ್ತಿದ್ದಳು, ಊರ ದೊಡ್ಡವರ ಕಾಲೆಳೆಯುತ್ತಿದ್ದಳು. ಮಗಳಿಗೆ ಅಷ್ಟು ಪುರುಸೊತ್ತಿಲ್ಲ. ಅವಳದು ಓಡುವ ತಾಳ, ಸೊಂಟದ ತಾಳ. ಅದರ ಹಾಡುಗಾರ ನೆರೆದವರಿಗೆ ಅಪ್ಪಣೆ ಕೊಡುತ್ತಾನೆ: ಕೈ ಎತ್ತಿ, ಕರವಸ್ತ್ರ ಬೀಸಿ, ಹಾರಿ, ಇನ್ನೂ ಹಾರಿ. ಸಾವಿರ ಜನ ಹಾರುತ್ತಾರೆ.

ಎರ್ನೆಸ್ಟೀನ್ ಬರೆದ ಮೊದಲ ಹಾಡಿನಲ್ಲಿ ಅಪ್ಪಣೆ ಒಂದೇ: ಕೂತ್ಕೋ.

"ಕೂತ್ಕೋ ಟಾಂಟಿ" ಎಂದು ಅದರ ಹೆಸರು. ಅತ್ತೆ, ಚಿಕ್ಕಮ್ಮ, ಬೀದಿಯ ಯಾವ ಹಿರಿಯ ಹೆಂಗಸೇ ಆಗಲಿ, ಅಲ್ಲಿ ಎಲ್ಲರೂ ಟಾಂಟಿ. ಹಬ್ಬದ ದಿನ ಲೋಕವೆಲ್ಲ ಕುಣಿಯುವಾಗ ಬೀದಿ ಬದಿಯಲ್ಲಿ ಮೀನು ಕರಿಯುತ್ತ ನಿಂತ ಟಾಂಟಿಯ ಕಾಲು ಊದಿಕೊಂಡಿದೆ. ಅವಳನ್ನು ಯಾರೂ ನೋಡುವುದಿಲ್ಲ. ಹಾಡು ಅವಳಿಗೆ ಹೇಳುತ್ತದೆ: ಕೂತ್ಕೋ ಟಾಂಟಿ, ಸೌಟು ನನ್ ಕೈಗೆ ಕೊಡು, ನೀನ್ ಕೂತ್ರೆ ನಾನೂ ಕೂರ್ತೀನಿ, ಕೂತ್ಕೊಂಡೇ ಕುಣಿಯೋಣ. ತಾಳ ಉಳಿದ ಸೊಕಾದಂತೆ ಓಡುವುದಿಲ್ಲ, ತೊಟ್ಟಿಲಿನಂತೆ ತೂಗುತ್ತದೆ. ಎರಡು ಸಾಲಿಗೊಮ್ಮೆ ನನ್ನ ಕೂಗು. ಅವಳು ನನ್ನಿಂದ ಇಳಿದು ಸುತ್ತಾಡಿ ಮತ್ತೆ ನನ್ನ ಮೇಲೇ ಬಂದು ಕೂರುತ್ತಾಳೆ.

ಮೊದಲ ಸಲ ಹಾಡಿದ್ದು ಶಾಲೆಯ ಮೈದಾನದಲ್ಲಿ, ಮಧ್ಯಾಹ್ನದ ಸ್ಪರ್ಧೆಯೊಂದರಲ್ಲಿ. ಹಾಡುವವರಿಗೆ ಒಂದು ಬಿರುದು ಬೇಕು ಎಂದಾಗ ಅವಳು ಕೊಟ್ಟ ಹೆಸರು ಲ್ಯಾಂಬಿ. ಮೈದಾನದಲ್ಲಿ ನಗು ಎದ್ದಿತು. ನಗುತ್ತಿದ್ದವರಲ್ಲಿ ಅವಳ ಶಾಲೆಯವರೂ ಇದ್ದರು. ನಾನು ಕೂಗಿದೆ, ಅವಳು ಹಾಡಿದಳು. ಮುಂದಿನ ಸಾಲಿನ ಒಬ್ಬ ದಪ್ಪ ಹೆಂಗಸು ಉಸ್ಸಪ್ಪಾ ಎಂದು ಹುಲ್ಲಿನ ಮೇಲೆ ಕೂತಳು. ಅವಳ ಪಕ್ಕದವಳು ಕೂತಳು. ಬಿಸಿಲಿಗೆ ಬಟ್ಟೆ ಒಣಹಾಕಿದ ಹಗ್ಗ ಸಡಿಲವಾದಂತೆ ಇಡೀ ಮೈದಾನ ಕೆಳಗಿಳಿಯಿತು. ಕೂತವರು ಒಬ್ಬರ ಹೆಗಲಿಗೊಬ್ಬರು ತಾಗಿ ತೂಗತೊಡಗಿದರು.

ತೀರ್ಪುಗಾರರ ಮೇಜು ಮೈದಾನದ ಹಿಂಬದಿಯಲ್ಲಿತ್ತು, ಚಪ್ಪರದ ನೆರಳಿನಲ್ಲಿ. ಅಂಕಗಳಲ್ಲಿ ಒಂದು ಭಾಗ ಜನರ ಉತ್ಸಾಹಕ್ಕೆ ಮೀಸಲು. ಅವರು ತಲೆಯೆತ್ತಿ ನೋಡಿದರು. ಒಬ್ಬನೂ ಹಾರುತ್ತಿಲ್ಲ, ಒಂದು ಕೈಯೂ ಮೇಲಿಲ್ಲ. ಒಬ್ಬನೂ ನಿಂತೇ ಇಲ್ಲ. ಉತ್ಸಾಹಕ್ಕೆ ಸೊನ್ನೆ ಹಾಕಿದರು. ಲ್ಯಾಂಬಿಗೆ ಕೊನೆಯ ಸ್ಥಾನ ಬಂತು. ಮನೆಗೆ ಹೋಗುವ ದಾರಿಯುದ್ದಕ್ಕೂ ಜನ ಅದೇ ಹಾಡು ಹೇಳಿಕೊಂಡು ಹೋದರು. ಫಿಟ್ಜ್‌ರಾಯ್ ನನ್ನನ್ನು ಹೆಗಲ ಮೇಲಿಟ್ಟುಕೊಂಡು, "ಇನ್ನೊಂದ್ ಸ್ವಲ್ಪ ಚೆನ್ನಾಗಿ ಹಾಡಿದ್ರೆ ಎಲ್ಲಾ ಮಲಗೇಬಿಡ್ತಿದ್ರು. ಆಗ ಆಂಬುಲೆನ್ಸ್ ಕರೆಸ್ತಿದ್ರು," ಎಂದ. ಅವಳು ಮೂರು ಹೆಜ್ಜೆ ಅಳುತ್ತ, ನಾಲ್ಕನೆಯದಕ್ಕೆ ನಕ್ಕಳು.

ಆ ಹಾಡನ್ನು ಧ್ವನಿಮುದ್ರಿಸಲು ಟ್ರಿನಿಡಾಡ್‌ನಿಂದ ಕರೆ ಬಂತು. ಸ್ಟುಡಿಯೋ ನಡೆಸುತ್ತಿದ್ದವನ ಹೆಸರು ರಾಮ್‌ಲೋಗನ್. ಅವನ ಹಿರಿಯರು ಕಬ್ಬಿನ ಗದ್ದೆಯ ಕೂಲಿಗೆಂದು ಹಡಗಿನಲ್ಲಿ ಭಾರತದಿಂದ ಬಂದವರು. ಎರ್ನೆಸ್ಟೀನ್ ನನ್ನನ್ನು ಚೀಲದಿಂದ ತೆಗೆದು ನೆಲದ ಮೇಲಿಟ್ಟಳು. ರಾಮ್‌ಲೋಗನ್ ಕುರ್ಚಿಯಿಂದ ಎದ್ದೇಬಿಟ್ಟ.

"ಅಯ್ಯೋ, ಅದನ್ನ ನೆಲಕ್ಕಿಡಬೇಡಿ. ನಮ್ಮ ಆಜೀ ನೋಡಿದ್ರೆ ನಂಗೆ ಹೊಡೀತಾಳೆ."

ಅಪ್ಪನ ತಾಯಿಗೆ ಅವರು ಆಜೀ ಎನ್ನುತ್ತಾರೆ. ನೀರು ದಾಟಿ, ಭಾಷೆ ಮರೆತು, ಆ ಒಂದು ಮಾತು ಅವರ ಬಾಯಲ್ಲಿ ಉಳಿದುಕೊಂಡಿತ್ತು. ಅವನು ಟವೆಲ್ ಮಡಿಸಿ ಸ್ಪೀಕರಿನ ಮೇಲೆ ನನಗೆ ಆಸನ ಮಾಡಿದ. ಆಮೇಲೆ ಮೂಸಿ ನೋಡಿ, "ಇದರಲ್ಲಿ ಏನ್ ಹಾಕಿದ್ರಿ?" ಎಂದ.

"ರಮ್ಮು," ಎಂದ ಫಿಟ್ಜ್‌ರಾಯ್.

"ಆಜೀಗೆ ಹೇಳೋದು ಬೇಡ ಬಿಡಿ," ಎಂದು ರಾಮ್‌ಲೋಗನ್ ಬಾಗಿಲು ಹಾಕಿದ.

ಅವನು ಒಳ್ಳೆಯವನು. ಕೆಲಸವನ್ನೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಹಾಡು ಮುದ್ರಿಸಿಕೊಂಡ ಮೇಲೆ ಯಂತ್ರದ ಮುಂದೆ ಕೂತು ನನ್ನನ್ನೂ ಅವಳನ್ನೂ ಗೋಡೆಯಿಂದ ಎತ್ತಿ, ಬಿಳಿ ಮೂರರ ಮನೆಯೊಳಗೆ ನೇರವಾಗಿ ಕೂರಿಸಿದ. ಗಿಟಾರು, ಕೀಬೋರ್ಡು ಎಲ್ಲದರ ಜೊತೆ ಈಗ ನಾವು ಸರಿಯಾಗಿ ಸೇರುತ್ತಿದ್ದೆವು. ಕೇಳುವುದಕ್ಕೆ ಹಿತವಾಗಿತ್ತು. ಅವಳೂ ತಲೆಯಾಡಿಸಿದಳು; ದೊಡ್ಡ ಊರು, ದೊಡ್ಡ ಯಂತ್ರ, ಏನು ಹೇಳಲಿ ಎಂದುಕೊಂಡಿರಬೇಕು.

ಆ ಹಾಡು ರೇಡಿಯೋದಲ್ಲಿ ಬಂದ ದಿನ ನಾವು ದಂಡೆಯಲ್ಲಿದ್ದೆವು. ಕತ್ಬರ್ಟನಿಗೆ ಆಗಲೇ ವಯಸ್ಸಾಗಿತ್ತು. ತಲೆಕೆಳಗಾಗಿಟ್ಟ ದೋಣಿಗೆ ಒರಗಿ ಮೀನು ಹೆರೆಯುತ್ತಿದ್ದ. ಎರ್ನೆಸ್ಟೀನ್ ರೇಡಿಯೋದ ದನಿ ಹೆಚ್ಚಿಸಿ ಅವನ ಪಕ್ಕ ಇಟ್ಟು, ಅವನ ಮುಖ ನೋಡುತ್ತ ನಿಂತಳು. ಹಾಡು ಶುರುವಾಯಿತು. ಬುಟ್ಟಿ ಹೊತ್ತ ಹೆಂಗಸರು ಮಾತಾಡುತ್ತಲೇ ಹಾದುಹೋದರು. ಯಾರೂ ತಿರುಗಲಿಲ್ಲ. ಹಾಡು ಮುಗಿಯುವವರೆಗೂ ಕತ್ಬರ್ಟ್ ಹೆರೆಯುತ್ತಲೇ ಇದ್ದ.

"ಹಾಡು ಚೆನ್ನಾಗಿದೆ," ಎಂದ ಕೊನೆಗೆ. "ನಿಂದೇ ಅಲ್ವಾ ಅದು? ನೀನ್ ಬರೆದಿದ್ದು. ಹಾಡ್ತಿರೋಳು ಯಾರು?"

ಮುಂದಿನ ಹಡಗಿಗೇ ಅವಳು ಟ್ರಿನಿಡಾಡಿಗೆ ಹೊರಟಳು, ಫಿಟ್ಜ್‌ರಾಯ್‌ನನ್ನು ಜೊತೆಗೆ ಕರೆದುಕೊಂಡು, ನನ್ನನ್ನು ತೊಡೆಯ ಮೇಲಿಟ್ಟುಕೊಂಡು. ಸ್ಟುಡಿಯೋದಲ್ಲಿ ಕೂರಲೂ ಇಲ್ಲ.

"ರಾಮ್‌ಲೋಗನ್, ನಮ್ಮಪ್ಪಂಗೆ ನನ್ ಗುರುತು ಸಿಗ್ಲಿಲ್ಲ."

"ಶ್ರುತಿ ಸರಿ ಮಾಡಿದ್ದಷ್ಟೇ ಲ್ಯಾಂಬಿ. ಎಲ್ಲರೂ ಮಾಡ್ತಾರೆ. ಇಲ್ದಿದ್ರೆ ಕೀಬೋರ್ಡ್ ಜೊತೆ ಕಚ್ಚಾಡುತ್ತೆ."

"ಶಂಖ ಮೇಲೆ ಹತ್ತಲ್ಲ, ಕೆಳಗೆ ಇಳಿಯಲ್ಲ. ಅದು ಕಲ್ಲು. ನಿನ್ ಕೀಬೋರ್ಡಿಗೆ ತಿರುಗುಣಿ ಇದೆಯಲ್ಲ? ಅದೇ ಬರ್ಲಿ ಇತ್ಲಾಗೆ."

ರಾಮ್‌ಲೋಗನ್ ಕಿವಿ ಕೆರೆದುಕೊಂಡ. ಅವನ ಇಷ್ಟು ವರ್ಷದ ಕೆಲಸದಲ್ಲಿ ಇಂಥದ್ದನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಎದ್ದು ಹೋಗಿ ಕೀಬೋರ್ಡಿನ ತಿರುಗುಣಿ ಕೂದಲೆಳೆಯಷ್ಟು ತಿರುಗಿಸಿದ. ಗಿಟಾರಿನವನು ಗೊಣಗುತ್ತ ತಂತಿ ಸಡಿಲಿಸಿದ. ಫಿಟ್ಜ್‌ರಾಯ್ ಊದಿದ. ಇಡೀ ಕೋಣೆ, ಅಷ್ಟೊಂದು ವೈರು, ದೀಪ, ಯಂತ್ರ, ಒಂದು ಬೆಳಗ್ಗೆ ಕತ್ಬರ್ಟ್ ಅವಸರದಲ್ಲಿ ಮೆತ್ತಿದ ಡಾಂಬರಿನ ಸುತ್ತ ಬಂದು ನಿಂತಿತು. ಎರಡನೆಯ ಮುದ್ರಣ ರೇಡಿಯೋದಲ್ಲಿ ಬಂದಾಗ, ದಂಡೆಯ ಹೆಂಗಸರು ಬುಟ್ಟಿ ಹಿಡಿದು ಕತ್ಬರ್ಟನ ದೋಣಿ ಎಲ್ಲಿ ಎಂದು ಹುಡುಕುತ್ತ ಬಂದರು.

ಆಮೇಲಿನದು ಓಡಾಟದ ಕಾಲ. ಲ್ಯಾಂಬಿ ಹೆಸರು ದ್ವೀಪದಿಂದ ದ್ವೀಪಕ್ಕೆ ಹೋಯಿತು, ಅಲ್ಲಿಂದ ತಣ್ಣನೆಯ ದೇಶಗಳಲ್ಲಿ ಕೆಲಸಕ್ಕಿರುವ ಕೆರಿಬಿಯನ್ನರ ಬಳಿಗೆ. ಅವಳು ಹಾಡು ಬರೆಯುವುದು ಬಾಯಿಯಲ್ಲೇ, ಬಟ್ಟೆ ಒಗೆಯುವಾಗ, ಹಡಗಿನ ಕಟಕಟೆಗೆ ಒರಗಿ ನಿಂತಾಗ. ಅವಳ ಎಲ್ಲ ಹಾಡುಗಳಲ್ಲೂ ಒಂದು ಸಣ್ಣ ಅಪ್ಪಣೆ ಇರುತ್ತಿತ್ತು. ಚಪ್ಪಲಿ ಬಿಟ್ಟು ಬಾ. ಕಿಟಕಿ ತೆಗಿ. ಅವನನ್ನ ಊಟಕ್ಕೆ ಕರಿ, ಜಗಳ ಆಮೇಲಿದೆ. ಕೇಳಿದವರು ಅದನ್ನು ಮಾಡಿಯೂಬಿಡುತ್ತಿದ್ದರು. ವೇದಿಕೆಯ ಮೇಲೆ ಅವಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕೆಳಗಿಳಿದು, ಜನರ ನಡುವೆ ನುಗ್ಗಿ, ಕೂತವರ ಪಕ್ಕ ಕೂತು, ಅಲ್ಲಿಂದಲೇ ಮುಂದಿನ ಸಾಲು ಎತ್ತುತ್ತಿದ್ದಳು. ಫಿಟ್ಜ್‌ರಾಯ್ ಮಾತ್ರ ಬಾವಿಕಟ್ಟೆಯಂತೆ ನಿಂತಲ್ಲೇ ನಿಂತು ನನ್ನನ್ನು ಊದುತ್ತಿದ್ದ.

ಒಂದು ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನನ್ನನ್ನು ಹಿಡಿದುಕೊಂಡ. ಶಂಖ ಸಾಗಿಸಲು ನಿರ್ಬಂಧವಿದೆ, ಇದು ವಾದ್ಯ ಎನ್ನುವುದಕ್ಕೆ ಏನು ಆಧಾರ ಎಂದ. ಫಿಟ್ಜ್‌ರಾಯ್ ಆಧಾರವನ್ನು ಅಲ್ಲೇ ಊದಿ ತೋರಿಸಿದ. ಸೂಟ್‌ಕೇಸ್ ಹಿಡಿದು ಸಾಲಿನಲ್ಲಿ ನಿಂತಿದ್ದ ಯಾವುದೋ ದ್ವೀಪದ ಅಜ್ಜಿಯೊಬ್ಬಳು "ಮೀನು ಎಲ್ಲಿ?" ಎಂದು ಕೂಗಿದಳು. ಅಧಿಕಾರಿ ಬೇಗ ಬೇಗ ಠಸ್ಸೆ ಒತ್ತಿ ನಮ್ಮನ್ನು ಸಾಗಹಾಕಿದ.

ಅವಳ ತಂಡದವರು ನನ್ನ ದನಿಗೆ ಲ್ಯಾಂಬಿ ಶ್ರುತಿ ಎಂದು ಹೆಸರಿಟ್ಟರು. ಬೇರೆ ತಂಡಗಳು ಅವಳ ಜೊತೆ ನುಡಿಸಲು ಬಂದರೆ ತಂತಿ ಇಳಿಸಿಕೊಂಡೇ ಬರಬೇಕು. ಕೆಲವರು ಒಲ್ಲೆ ಎಂದರು. ದೊಡ್ಡ ಕಾರ್ಯಕ್ರಮಗಳು ಒಂದೆರಡು ತಪ್ಪಿದವು. "ಶಂಖ ಇಳಿಯಲ್ಲ" ಎನ್ನುವುದು ಅವಳ ಮಾತಿನ ಕೊನೆಯಾಯಿತು, ಬರಬರುತ್ತ ಅವಳ ಜಂಬವೂ ಆಯಿತು. ನಾನೂ ಒಳಗೊಳಗೇ ಹಿಗ್ಗುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕು. ಕತ್ಬರ್ಟ್ ತೀರಿಕೊಂಡಾಗ ದಂಡೆಯಲ್ಲಿ ನನ್ನನ್ನು ಒಮ್ಮೆ ಊದಿದರು. ಆ ಹೊತ್ತಿಗೆ ಯಾವ ಹೆಂಗಸೂ ಬುಟ್ಟಿ ತರಲಿಲ್ಲ. ಎಲ್ಲರೂ ಬರಿಗೈಯಲ್ಲಿ ಬಂದರು.

ಅವಳ ಕೂದಲು ಬೆಳ್ಳಗಾದ ಮೇಲೆ ಗಂಟಲಲ್ಲಿ ಒಂದು ಗಂಟು ಎದ್ದಿತು. ತೆಗೆದರು. ಕೆಟ್ಟದ್ದೇನಲ್ಲ ಎಂದರು. ಆದರೆ ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ಬಾಯಿ ತೆರೆದಾಗ ಬಂದ ದನಿ ಬೇರೆ. ಕೆಳಗಿನದು, ಮರಳು ಬೆರೆತದ್ದು. ಅಂಗಳದಲ್ಲಿ ಫಿಟ್ಜ್‌ರಾಯ್ ನನ್ನನ್ನು ಊದಿದ. ಅವಳು ನನ್ನ ಕಡೆ ಹತ್ತಲು ಹೊರಟಳು. ಅರ್ಧ ದಾರಿಗೆ ದನಿ ಒಡೆಯಿತು. ಇನ್ನೊಮ್ಮೆ ಊದು ಎಂದಳು. ಇನ್ನೊಮ್ಮೆ ಒಡೆಯಿತು.

ಶಂಖ ಕಲ್ಲು ಎಂದವಳು ಅವಳೇ. ಇಡೀ ತಂಡವನ್ನು ನನ್ನ ಬಳಿಗೆ ಎಳೆತಂದವಳು ಈಗ ತಾನೇ ನನ್ನನ್ನು ಮುಟ್ಟಲಾರಳು. ನಾನು ಏನು ಮಾಡಲಿ? ನನಗೆ ಗೊತ್ತಿದ್ದದ್ದು ಒಂದೇ ದನಿ.

ಆಗಸ್ಟ್ ತಿಂಗಳ ದೋಣಿ ಪಂದ್ಯ ಹತ್ತಿರ ಬರುತ್ತಿತ್ತು. ಪಂದ್ಯ ಮುಗಿದ ಮಧ್ಯಾಹ್ನ ದಂಡೆಯ ವೇದಿಕೆಯಲ್ಲಿ ಲ್ಯಾಂಬಿ ಹಾಡುತ್ತಾಳೆ ಎಂದು ಊರವರು ಡಂಗುರ ಹೊಡೆದಾಗಿತ್ತು. ರಾಮ್‌ಲೋಗನ್ ಫೋನು ಮಾಡಿದ. ಅವನೂ ಈಗ ತಾತ.

"ಶಂಖದ ಹಳೇ ದನಿ ನನ್ ಹತ್ರ ಇದೆ. ಎರಡು ಮನೆ ಇಳಿಸಿ ಕಳಿಸ್ತೀನಿ, ಮೆಷಿನ್ನಲ್ಲಿ ಹಾಕ್ಕೊಳ್ಳಿ."

"ಆಗ ಫಿಟ್ಜ್‌ರಾಯ್ ಏನ್ ಮಾಡ್ಬೇಕು?"

"ಸುಮ್ನೆ ಬಾಯಿಗೆ ಹಿಡ್ಕೊಂಡು ನಿಂತಿರ್ಲಿ."

"ಅವನಿಗೆ ತುಟಿ ಆಡ್ಸೋದು ಬರಲ್ಲ ಕಣೋ. ಆ ವಿದ್ಯೆ ಮಿಸ್ ಫಿಲೊಮೀನಾ ನನಗೊಬ್ಬಳಿಗೇ ಕಲಿಸಿದ್ದು." ನಗುತ್ತಲೇ ಹೇಳಿದಳು. ಫೋನು ಇಟ್ಟ ಮೇಲೆ ನಗು ಇರಲಿಲ್ಲ. ಫಿಟ್ಜ್‌ರಾಯ್‌ಗೆ ಹೇಳಿದಳು: "ಪಂದ್ಯದ ದಿನ ವೇದಿಕೆ ಹತ್ತಿ, ಇನ್ಮೇಲೆ ಹಾಡಲ್ಲ ಅಂತ ಹೇಳಿ ಇಳಿದುಬಿಡ್ತೀನಿ. ಅಪ್ಪನ ಶಂಖಾನ ಮೆಷಿನ್ನಲ್ಲಿ ಬಗ್ಗಿಸಿ ಹಾಡೋದಕ್ಕಿಂತ ಅದೇ ವಾಸಿ."

ಫಿಟ್ಜ್‌ರಾಯ್ ನನ್ನನ್ನು ಎತ್ತಿಕೊಂಡು ಅಂಗಳಕ್ಕೆ ನಡೆದ. ಅವನಿಗೆ ಆಗಷ್ಟೇ ಕಟ್ಟಿಸಿದ ಹಲ್ಲು ಬಂದಿತ್ತು. ಅದರೊಂದಿಗೆ ಊದುವುದನ್ನು ಹೊಸದಾಗಿ ಕಲಿಯುತ್ತಿದ್ದ. ಎರಡು ಸಲ ಹಲ್ಲೇ ನನ್ನೊಳಗೆ ಬರಲು ನೋಡಿತ್ತು.

ಪಂದ್ಯದ ದಿನ ಬೆಳಗ್ಗೆ ಎರ್ನೆಸ್ಟೀನ್ ಅಡುಗೆಮನೆಯ ತೊಟ್ಟಿಯಲ್ಲಿ ನನ್ನನ್ನು ತೊಳೆಯುತ್ತಿದ್ದಳು. ಕೊನೆಯ ಸಲ ಎಂದು ಚೆನ್ನಾಗಿಯೇ ತೊಳೆಯುತ್ತಿದ್ದಳು. ಬಟ್ಟೆ ಸುತ್ತಿದ ಕೈಯನ್ನು ನನ್ನ ಬಾಯಿಯೊಳಗೆ ಮಣಿಕಟ್ಟಿನವರೆಗೆ ತೂರಿಸಿ ತಿಕ್ಕುತ್ತಿದ್ದಳು. ಅವಳ ಮುಖ ನೋಡಲಾರದೆ ಫಿಟ್ಜ್‌ರಾಯ್ ಒಂದು ಕುಚೇಷ್ಟೆ ಮಾಡಿದ. ಹಿಂದಿನಿಂದ ಬಾಗಿ ನನ್ನ ತುದಿಗೆ ತುಟಿಯಿಟ್ಟು, ಒಳಗಿನ ನೀರು ಅವಳ ಮೇಲೆ ಚಿಮ್ಮಲಿ ಎಂದು ಜೋರಾಗಿ ಊದಿದ.

ನೀರು ಚಿಮ್ಮಿತು. ಅದರ ಹಿಂದೆ ಒಂದು ದನಿ ಬಂತು. ನನ್ನಿಂದಲೇ ಬಂತು. ನಾನು ಎಂದೂ ಕೇಳದ ದನಿ: ಕೆಳಗಿನದು, ಹೊದಿಕೆಯ ಮರೆಯಿಂದ ಯಾರೋ ಮಾತಾಡಿದಂತಿತ್ತು.

ಅವಳ ಮುಖದಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಇನ್ನೊಂದ್ಸಲ ಊದು."

"ಬೈಯಲ್ವಾ?"

"ಆಮೇಲೆ ಬೈತೀನಿ. ಊದು."

ಬಟ್ಟೆ ಎಸೆದು ಬರಿಗೈಯನ್ನು ತೂರಿಸಿದಳು. ಬೆರಳು ಮಡಿಸಿದರೆ ದನಿ ಕೊಂಚ ಏರಿತು, ಚಾಚಿದರೆ ಇಳಿಯಿತು. ಮೀನುಗಾರರು ಶಂಖವನ್ನು ಹೊರಗಿನಿಂದ ಹಿಡಿಯುತ್ತಾರೆ. ಕತ್ಬರ್ಟ್ ಹಾಗೆ ಹಿಡಿದ, ಅವನನ್ನು ನೋಡಿ ಫಿಟ್ಜ್‌ರಾಯ್ ಹಾಗೆ ಹಿಡಿದ. ಒಳಗೆ ಕೈ ಹಾಕಿ ಊದಬಹುದು ಎಂದು ಅವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳು ಕೈಯನ್ನು ಇಷ್ಟಿಷ್ಟೇ ಒಳಗೆ ಸರಿಸತೊಡಗಿದಳು, ನಾನು ಇಷ್ಟಿಷ್ಟೇ ಇಳಿಯುತ್ತ ಹೋದೆ. ಒಂದು ಕಡೆ ಅವಳು ನಿಂತಳು. ಬಾಯಿ ತೆರೆದಳು. ಅವಳ ಆ ಮರಳು ದನಿ ಬಂದು, ತಡವರಿಸದೆ, ನನ್ನ ಪಕ್ಕ ಕೂತಿತು.

ಫಿಟ್ಜ್‌ರಾಯ್ ತಾನೊಬ್ಬನೇ ಊದಿ, ತನ್ನ ಕೈಯನ್ನೇ ಹಾಕಿ ನೋಡಿದ. ಆ ಹಾರೆಯಂಥ ಕೈ ನನ್ನ ಬಾಯಿಯಲ್ಲಿ ಗೆಣ್ಣಿನ ತನಕವೂ ಹೋಗಲಿಲ್ಲ.

"ಹಂಗಾದ್ರೆ ನೀನ್ ಊದು, ನಾನ್ ಹಿಡ್ಕೋತೀನಿ," ಎಂದಳು.

"ವೇದಿಕೆ ಮೇಲೆ? ಎಲ್ಲಾರ್ ಮುಂದೆ? ಮದ್ವೆ ಆಗ್ದೇ ಇರೋರು ಅಷ್ಟ್ ಹತ್ರ ನಿಂತ್ರೆ ಪಾದ್ರಿ ಏನಂತಾರೆ?"

"ಕಾರ್ನಿವಲ್ ಮುಗೀಲಿ ಅನ್ನು."

ಮಧ್ಯಾಹ್ನ ದಂಡೆಯ ತುಂಬ ಜನ. ಗೆದ್ದ ದೋಣಿಯವರು ಒದ್ದೆ ಬಟ್ಟೆಯಲ್ಲೇ ಬಂದು ನಿಂತಿದ್ದರು. ಎರ್ನೆಸ್ಟೀನ್ ಮೈಕನ್ನು ಕಂಬಕ್ಕೆ ಸಿಕ್ಕಿಸಲು ಹೇಳಿ, ಫಿಟ್ಜ್‌ರಾಯ್‌ನ ಎದೆಗೆ ಒತ್ತಿಕೊಂಡು ನಿಂತು, ಬಲಗೈಯನ್ನು ನನ್ನೊಳಗಿಟ್ಟಳು. ಮುಂದಿನ ಸಾಲಿನಲ್ಲಿ ಯಾರೋ, "ಮುದುಕೀಗೆ ಕೈಗೆ ಚಳಿಯೇನೋ, ಬೆಚ್ಚಗಿಟ್ಕೊಂಡಿದಾಳೆ," ಎಂದರು. ನಗು ಹರಡಿತು.

"ಚಳಿ ಅಲ್ಲ," ಎಂದಳು ಅವಳು ಮೈಕಿನಲ್ಲಿ. "ನನ್ ದನಿ ಇಳಿದಿದೆ. ಇದನ್ನೂ ಇಳಿಸ್ತಿದೀನಿ. ಸ್ವಲ್ಪ ಹತ್ರ ಬನ್ನಿ, ದೂರಕ್ಕೆ ಕೇಳ್ಸಲ್ಲ."

ಶಂಖ ಇಳಿಯಲ್ಲ ಎನ್ನುತ್ತಿದ್ದವಳಿಂದ ಇಳಿಸುವ ಮಾತನ್ನು ಯಾರೂ ನಿರೀಕ್ಷಿಸಿರಲಿಲ್ಲ. ತಂಡದವರು ಮುಖ ಮುಖ ನೋಡಿಕೊಂಡು ತಂತಿಗಳ ಮೇಲೆ ಹೊಸ ಶ್ರುತಿಯನ್ನು ತಡಕತೊಡಗಿದರು. ಒಬ್ಬ ಸಿಕ್ಕಿತು ಎಂದು ತಲೆಯಾಡಿಸಿದ. ಇನ್ನೊಬ್ಬ ಕೈಚೆಲ್ಲಿ ಸುಮ್ಮನಾದ. ಜನ ಹತ್ತಿರ ಬಂದರು, ಮತ್ತೂ ಹತ್ತಿರ ಬಂದರು. ಫಿಟ್ಜ್‌ರಾಯ್ ಊದಿದ. ಅವಳು ಓಡಾಡಲಿಲ್ಲ, ಕೆಳಗಿಳಿಯಲಿಲ್ಲ. ಆ ದಿನ ಅವಳ ಕೈ ನನ್ನಲ್ಲಿತ್ತು. ನಿಂತಲ್ಲೇ ಹಾಡಿದಳು. ಮೊದಲು ಒಂದೆರಡು ಕಡೆ ದನಿ ತಡವರಿಸಿತು. ಆಗ ನನ್ನೊಳಗಿನ ಬೆರಳುಗಳು ಕದಲಿ ನನ್ನನ್ನು ಅವಳಿದ್ದಲ್ಲಿಗೆ ಕರೆದುಕೊಂಡವು. ನಡುವೆ ಫಿಟ್ಜ್‌ರಾಯ್‌ನ ಹಲ್ಲು ಜಾರಿ ಒಂದು ಕೂಗು ಸೀಟಿಯಾಗಿ ಹೊರಬಿತ್ತು. ಅವಳು ಹಾಡು ನಿಲ್ಲಿಸದೆ ಮೊಣಕೈಯಿಂದ ತಿವಿದಳು. ಹಾಡು ಮುಗಿದಾಗ, ವೇದಿಕೆ ಹತ್ತಿದ್ದು ಯಾವ ಮಾತು ಹೇಳುವುದಕ್ಕೆ ಎಂದು ಅವಳೂ ನೆನಪಿಸಲಿಲ್ಲ, ಅವನೂ ನೆನಪಿಸಲಿಲ್ಲ.

ಈಗ ನನಗೂ ವಯಸ್ಸಾಗಿದೆ. ಡಾಂಬರನ್ನು ಎಷ್ಟು ಸಲ ಬದಲಾಯಿಸಿದ್ದಾರೋ. ಮುಳ್ಳುಗಳು ಸವೆದಿವೆ, ಗುಲಾಬಿ ಬಣ್ಣ ಬಿಸಿಲಿಗೆ ತೆಳುವಾಗಿದೆ. ಅಡುಗೆಮನೆಯ ಕಿಟಕಿಯ ಕಟ್ಟೆ ನನ್ನ ಜಾಗ. ಒಂದು ಪಕ್ಕ ಈರುಳ್ಳಿ, ಇನ್ನೊಂದು ಪಕ್ಕ ಫಿಟ್ಜ್‌ರಾಯ್‌ನ ಹಲ್ಲಿನ ಲೋಟ. ಎರ್ನೆಸ್ಟೀನ್ ವರ್ಷಕ್ಕೊಂದು ಸಲ ದೋಣಿ ಪಂದ್ಯಕ್ಕೆ ಮಾತ್ರ ಹಾಡುತ್ತಾಳೆ. ಉಳಿದ ದಿನ ಸಂಜೆ, ಒಲೆಯ ಮೇಲೆ ಸಾರು ಕುದಿಯುವಾಗ, ಇಬ್ಬರೂ ನನ್ನನ್ನು ಕೆಳಗಿಳಿಸಿಕೊಂಡು ಕೂರುತ್ತಾರೆ.

ಒಂದೇ ದನಿ ನನ್ನದು, ಅದು ಕದಲುವುದಿಲ್ಲ ಎನ್ನುವುದನ್ನು ನಾನು ಬಹಳ ಕಾಲ ನನ್ನ ಹಿರಿಮೆ ಎಂದುಕೊಂಡಿದ್ದೆ. ಅದನ್ನು ಎಷ್ಟೋ ಜನ ಮೆಚ್ಚಿದ್ದರು ಕೂಡ. ಈಗ ಹಾಗನ್ನಿಸುವುದಿಲ್ಲ. ಅವಳ ದನಿ ವರ್ಷದಿಂದ ವರ್ಷಕ್ಕೆ ಇನ್ನೂ ಒಂದು ಎಳೆ ಇಳಿಯುತ್ತಿದೆ. ಅವಳ ಕೈ ನನ್ನ ಸುರುಳಿಯಲ್ಲಿ ಇನ್ನೂ ಒಂದು ಬೆರಳಗಲ ಮುಂದೆ ಬರುತ್ತದೆ. ಒಳಗೆ ಇನ್ನೂ ಜಾಗವಿದೆ.